ಗೋಡೆಯ ಮೇಲಿನ ಸರ್ಟಿಫಿಕೇಟು, ತೊಟ್ಟಿಯೊಳಗಿನ ಲೆಕ್ಕ

ಪೀಣ್ಯದ ಎರಡನೇ ಹಂತದಲ್ಲಿರುವ ನಮ್ಮ ಸತು ಲೇಪನದ ಘಟಕಕ್ಕೆ ಐಎಸ್‌ಒ 14001 ಎಂಬ ಅಂತರರಾಷ್ಟ್ರೀಯ ಪರಿಸರ ಮಾನದಂಡದ ಪ್ರಮಾಣಪತ್ರ ಬಂದು ಮೂರು ವರ್ಷದ ಒಂದು ಪೂರ್ತಿ ಸುತ್ತು ಮುಗಿದಿದೆ. ಮರುಪ್ರಮಾಣೀಕರಣದ ಆಡಿಟ್ ಕೂಡ ಆಗಿಹೋಗಿದೆ. ಪರಿಸರ ನಿರ್ವಹಣಾ ವ್ಯವಸ್ಥೆ ಎಂಬ ಭಾರವಾದ ಹೆಸರಿನ ಈ ಸೇವೆಯನ್ನು ಕೊಳ್ಳುವ ಮೊದಲು ನನ್ನ ಕಣ್ಣಿಗೆ ಬಿದ್ದ ಬರಹಗಳೆಲ್ಲವೂ ಅದನ್ನು ಮಾರುವವರೇ ಬರೆದವು. ಸ್ವಂತ ದುಡ್ಡು ಕೊಟ್ಟು ಕೊಂಡು, ಬಳಸಿ ನೋಡಿದ ಸಣ್ಣ ಕಾರ್ಖಾನೆಯವರು ಬರೆದದ್ದು ಒಂದೂ ಸಿಗಲಿಲ್ಲ. ಅದನ್ನು ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಉಪಯೋಗಕ್ಕೆ ಬರಲಿ ಎಂದು ನಮ್ಮ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಲಹೆಗಾರರದ್ದಾಗಲಿ, ಪ್ರಮಾಣೀಕರಣ ಸಂಸ್ಥೆಯದ್ದಾಗಲಿ ಹೆಸರು ಹೇಳುವುದಿಲ್ಲ; ಹೇಳಬೇಕಾದದ್ದು ಅವರ ಹೆಸರಿಗಿಂತ ಅವರು ಕೆಲಸ ಮಾಡುವ ರೀತಿಯ ಬಗ್ಗೆ.

ನಮ್ಮದು ಜಾಬ್ ವರ್ಕ್. ನಟ್ಟು, ಬೋಲ್ಟು, ಕ್ಲಾಂಪು, ಬ್ರಾಕೆಟ್ಟುಗಳು ಬೇರೆ ಕಾರ್ಖಾನೆಗಳಿಂದ ಚೀಲದಲ್ಲೋ ಕ್ರೇಟಿನಲ್ಲೋ ಬರುತ್ತವೆ. ಎಣ್ಣೆ ತೆಗೆದು, ಆಮ್ಲದಲ್ಲಿ ತುಕ್ಕು ಬಿಡಿಸಿ, ಸತು ಹಿಡಿಸಿ, ಪಾಸಿವೇಷನ್ ಮಾಡಿ (ಅಂದರೆ ಕ್ರೋಮಿಯಂ ದ್ರಾವಣದಲ್ಲಿ ಅದ್ದಿ ಸತುವಿನ ಮೇಲೆ ತೆಳುವಾದ ರಕ್ಷಣಾ ಪದರ ಬರಿಸಿ), ಒಣಗಿಸಿ ಕಳಿಸುತ್ತೇವೆ. ಎರಡು ಪಾಳಿಯಲ್ಲಿ ಮೂವತ್ತು ಚಿಲ್ಲರೆ ಜನ ಕೆಲಸ ಮಾಡುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಕೆಂಪು ವರ್ಗದ, ಅಂದರೆ ಅತಿ ಹೆಚ್ಚು ಮಾಲಿನ್ಯದ, ಉದ್ಯಮ. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿಕೊಂಡಿರುವ ಮಾತು ಬಂದಾಗಲೆಲ್ಲ ಮೊದಲು ಬೆರಳು ಚಾಚುವುದು ನಮ್ಮಂಥವರ ಕಡೆಗೇ, ಅದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ನಾವು ಪ್ರಮಾಣಪತ್ರದ ಹಿಂದೆ ಬಿದ್ದದ್ದು ಪಶ್ಚಾತ್ತಾಪದಿಂದಲ್ಲ. ನಮ್ಮ ಅತಿ ದೊಡ್ಡ ಗಿರಾಕಿಯಾದ ವಾಹನ ಬಿಡಿಭಾಗಗಳ ಕಂಪನಿಯೊಂದು, ಮುಂದಿನ ಹಣಕಾಸು ವರ್ಷದಿಂದ 14001 ಇಲ್ಲದ ಪೂರೈಕೆದಾರರಿಗೆ ಹೊಸ ಭಾಗಗಳನ್ನು ಕೊಡುವುದಿಲ್ಲ ಎಂದು ಒಂದು ಸಾಲಿನ ಇಮೇಲ್ ಕಳಿಸಿತು. ಅಷ್ಟೇ ಕಾರಣ.

ಇಂಥ ಒತ್ತಡ ಹೊಸದೇನಲ್ಲ. ಐಎಸ್‌ಒ 14001 ಮೊದಲು ಪ್ರಕಟವಾದದ್ದು 1996ರಲ್ಲಿ. 1999ರಲ್ಲೇ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು ತಮ್ಮ ಪೂರೈಕೆದಾರರು ಇದನ್ನು ಪಡೆಯಲೇಬೇಕೆಂದು ಘೋಷಿಸಿದ್ದವು. 2004ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಮಾನದಂಡದ ಪರಿಷ್ಕರಣೆಯಾಯಿತು. ನಾವು ಪ್ರಮಾಣಪತ್ರ ಪಡೆದದ್ದು 2015ರ ಆವೃತ್ತಿಗೆ. ಕೊಳ್ಳುವ ಮುನ್ನ ಒಂದು ವಿಷಯ ತಿಳಿದಿರಬೇಕು: ಇಷ್ಟು ಮಿಲಿಗ್ರಾಂ ಸತು ಬಿಡಬಹುದು, ಇಷ್ಟು ಬಿಡಬಾರದು ಎಂಬ ಅಂಕಿ ಈ ಮಾನದಂಡದಲ್ಲಿ ಎಲ್ಲಿಯೂ ಇಲ್ಲ. ಆ ಮಿತಿಗಳು ಕಾನೂನಿನಲ್ಲಿವೆ. ಮಾನದಂಡ ಕೇಳುವುದಿಷ್ಟೆ: ನಿಮ್ಮ ಕೆಲಸದಿಂದ ಪರಿಸರಕ್ಕೆ ಎಲ್ಲೆಲ್ಲಿ ಏನೇನು ಆಗುತ್ತದೆ ಎಂಬುದನ್ನು ಪಟ್ಟಿ ಮಾಡಿ, ಅದರಲ್ಲಿ ಮುಖ್ಯವಾದವು ಯಾವುವೆಂದು ಗುರುತಿಸಿ, ನಿಮಗೆ ಅನ್ವಯಿಸುವ ಕಾನೂನುಗಳನ್ನು ಪಾಲಿಸಿ, ಗುರಿ ಇಟ್ಟುಕೊಂಡು ಅಳೆಯುತ್ತ ಹೋಗಿ, ತಪ್ಪಿದರೆ ಏಕೆ ತಪ್ಪಿತೆಂದು ಬರೆದು ಸರಿಪಡಿಸಿ. ಓದಲು ಇದು ನೀರಸ. ನನಗೂ ಮೊದಲ ಆರು ತಿಂಗಳು ಇದು ಕಡತ ತುಂಬಿಸುವ ಕೆಲಸವೆಂದೇ ಅನ್ನಿಸಿತ್ತು. ಹಾಗೆ ಅನ್ನಿಸುವಂತೆ ಮಾಡಿದವರು ನಮ್ಮ ಸಲಹೆಗಾರರು.

ಅವರ ಸೇವೆಗೆ ಐದರಲ್ಲಿ ಒಂದೂವರೆ ಅಂಕಕ್ಕಿಂತ ಹೆಚ್ಚು ಕೊಡಲಾರೆ. ಮೊದಲ ಭೇಟಿಯಲ್ಲಿ ಕಾರ್ಖಾನೆಯನ್ನು ಇಪ್ಪತ್ತು ನಿಮಿಷ ಸುತ್ತಿದರು, ಎರಡನೇ ಭೇಟಿಗೆ ನಾಲ್ಕು ದಪ್ಪ ಫೈಲು ತಂದರು. ಕೈಪಿಡಿ, ವಿಧಾನಗಳು, ನಮೂನೆಗಳು ಎಲ್ಲವೂ ಅದರಲ್ಲಿ ಸಿದ್ಧವಾಗಿದ್ದವು, ನಮ್ಮ ಕಂಪನಿಯ ಹೆಸರೂ ಪ್ರತಿ ಪುಟದ ನೆತ್ತಿಯ ಮೇಲಿತ್ತು. ನಾನು ಮೆಚ್ಚಿ ಸಹಿ ಹಾಕಿದೆ. ಪ್ರಮಾಣೀಕರಣ ಸಂಸ್ಥೆಯಿಂದ ಮೊದಲ ಹಂತದ ಆಡಿಟ್‌ಗೆ ಬಂದ ಹಿರಿಯರು ಪರಿಸರ ಪರಿಣಾಮಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ನಗದೆ ಕೇಳಿದರು: ‘ನಿಮ್ಮ ನೂಲಿನ ವಿಭಾಗ ಎಲ್ಲಿದೆ, ಸಾರ್?’ ಪಟ್ಟಿಯ ಹದಿನೇಳನೇ ಸಾಲಿನಲ್ಲಿ ನೂಲಿನ ಧೂಳು ಎಂದಿತ್ತು. ಯಾವುದೋ ಬಟ್ಟೆ ಗಿರಣಿಗೆ ಮಾಡಿದ ಫೈಲಿನಲ್ಲಿ ಹೆಸರು ಬದಲಿಸಿ ನಮಗೆ ಕೊಟ್ಟಿದ್ದರು. ಅದಕ್ಕಿಂತ ದೊಡ್ಡ ತಪ್ಪು ಅಂಕಗಳಲ್ಲಿತ್ತು. ತೀವ್ರತೆಗೆ ಇಷ್ಟು, ಎಷ್ಟು ಸಲ ಆಗುತ್ತದೆಂಬುದಕ್ಕೆ ಇಷ್ಟು ಎಂದು ಅಂಕ ಹಾಕಿ ಗುಣಿಸುವ ಆ ಕೋಷ್ಟಕದಲ್ಲಿ ಕಚೇರಿಯ ಟ್ಯೂಬ್‌ಲೈಟಿಗೂ ಕ್ರೋಮಿಯಂ ತೊಟ್ಟಿಗೂ ಒಂದೇ ಮೊತ್ತ ಬಂದಿತ್ತು. ಟ್ಯೂಬ್‌ಲೈಟು ದಿನವೂ ಉರಿಯುತ್ತದೆ, ತೊಟ್ಟಿ ವರ್ಷಕ್ಕೊಮ್ಮೆ ಸೋರಬಹುದು, ಗುಣಿಸಿದರೆ ಲೆಕ್ಕ ಸರಿಯೇ. ಆದರೆ ಬುದ್ಧಿಯಿರುವ ಯಾವ ಮನುಷ್ಯನೂ ಒಪ್ಪುವ ಲೆಕ್ಕವಲ್ಲ.

ಎರಡನೇ ಹಂತದ ಆಡಿಟ್‌ಗೆ ಎರಡು ತಿಂಗಳ ಸಮಯವಿತ್ತು. ಆ ಪಟ್ಟಿಯನ್ನು ಹರಿದು ಹಾಕಿ, ನಾನು, ನಮ್ಮ ಲೈನ್ ಮೇಸ್ತ್ರಿ, ಇಟಿಪಿ (ತ್ಯಾಜ್ಯ ನೀರು ಸಂಸ್ಕರಿಸುವ ಘಟಕ) ನೋಡಿಕೊಳ್ಳುವ ಹುಡುಗ, ಲೆಕ್ಕ ಬರೆಯುವ ಹೆಣ್ಣುಮಗಳು ಈ ನಾಲ್ವರೂ ಒಂದು ಶನಿವಾರ ಮಧ್ಯಾಹ್ನ ತೊಟ್ಟಿಗಳ ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತೆವು. ಈ ವ್ಯವಸ್ಥೆಯಿಂದ ವ್ಯಾಪಾರಕ್ಕೆ ಏನು ಲಾಭ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಆ ಮಧ್ಯಾಹ್ನದ ಕಥೆಯನ್ನೇ.

ಸತುವಿನ ತೊಟ್ಟಿಯಿಂದ ಜಿಗ್, ಅಂದರೆ ಭಾಗಗಳನ್ನು ನೇತುಹಾಕಿದ ಚೌಕಟ್ಟು, ಮೇಲೆದ್ದಾಗ ಅದರ ಮೈಗೆಲ್ಲ ದ್ರಾವಣ ಅಂಟಿಕೊಂಡಿರುತ್ತದೆ. ಹಿಂದೆ ಅದನ್ನು ಎತ್ತಿದ ಕೂಡಲೆ ತೊಳೆಯುವ ತೊಟ್ಟಿಗೆ ಇಳಿಸುತ್ತಿದ್ದೆವು; ಲೋಡು ಬೇಗ ಸಾಗಬೇಕಲ್ಲ. ಹಾಗೆ ಅಂಟಿಕೊಂಡು ಹೋಗುವ ಒಂದು ಲೀಟರ್ ದ್ರಾವಣವನ್ನು ಹಿಂಬಾಲಿಸಿ ನೋಡಿದೆವು. ಅದು ನಾವು ಹಣ ಕೊಟ್ಟು ತಂದ ರಾಸಾಯನಿಕ. ಅದನ್ನು ತೊಳೆಯಲು ಟ್ಯಾಂಕರ್ ನೀರು ಬೇಕು, ಅದಕ್ಕೆ ಎರಡನೇ ಸಲ ಹಣ. ತೊಳೆದ ನೀರು ಇಟಿಪಿಗೆ ಹೋದರೆ ಅಲ್ಲಿ ಸುಣ್ಣ ಮತ್ತು ಕಾಸ್ಟಿಕ್ ಹಾಕಿ ಸತುವನ್ನು ತಳಕ್ಕಿಳಿಸಬೇಕು, ಮೂರನೇ ಸಲ. ತಳದಲ್ಲಿ ನಿಂತ ಸ್ಲಡ್ಜ್, ಅಂದರೆ ಕೆಸರು, ಅಪಾಯಕಾರಿ ತ್ಯಾಜ್ಯ. ಅದನ್ನು ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿ, ಚೀಲಕ್ಕೆ ತುಂಬಿ, ದಾಬಸ್‌ಪೇಟೆಯ ವಿಲೇವಾರಿ ಕೇಂದ್ರಕ್ಕೆ ತೂಕದ ಮೇಲೆ ಹಣ ಕಟ್ಟಿ, ಲಾರಿ ಬಾಡಿಗೆ ಕೊಟ್ಟು ಕಳಿಸಬೇಕು, ನಾಲ್ಕನೇ ಸಲ. ಒಂದೇ ದ್ರಾವಣಕ್ಕೆ ನಾವು ನಾಲ್ಕು ಬಾರಿ ದುಡ್ಡು ಕೊಡುತ್ತಿದ್ದೆವು. ಇದು ಇಪ್ಪತ್ತು ವರ್ಷ ಯಾರಿಗೂ ಕಾಣದೆ ಹೋದದ್ದಕ್ಕೆ ಕಾರಣ ಸರಳವಾಗಿತ್ತು: ರಾಸಾಯನಿಕ ಒಂದು ಖಾತೆಯಲ್ಲಿ, ನೀರು ಮತ್ತೊಂದರಲ್ಲಿ, ಇಟಿಪಿ ಖರ್ಚು ನಿರ್ವಹಣೆಯ ಖಾತೆಯಲ್ಲಿ, ಸ್ಲಡ್ಜ್ ಇತರೆ ಎಂಬ ಖಾತೆಯಲ್ಲಿ. ಲೆಕ್ಕದ ಹೆಣ್ಣುಮಗಳು ಆ ನಾಲ್ಕನ್ನೂ ಒಂದೇ ಸಾಲಿನಲ್ಲಿ ಕೂಡಿ ತೋರಿಸಿದಾಗ ಮೇಸ್ತ್ರಿ ಹೇಳಿದ್ದು ಒಂದೇ ಮಾತು: ‘ಹಂಗಾದ್ರೆ ಸ್ವಲ್ಪ ಹೊತ್ತು ತೊಟ್ಟಿ ಮ್ಯಾಲೇ ಹಿಡ್ಕೊಂಡು ನಿಂತ್ರೆ ಆಯ್ತಲ್ಲ.’

ಹಾಗೆಯೇ ಮಾಡಿದೆವು. ಜಿಗ್ಗನ್ನು ತೊಟ್ಟಿಯ ಮೇಲೆ ಹತ್ತು ಎಣಿಸುವವರೆಗೆ ಹಿಡಿದು ಹನಿ ಇಳಿಸುವುದು, ಸಣ್ಣ ಭಾಗಗಳನ್ನು ತುಂಬಿ ಅದ್ದುವ ತೂತಿನ ಡ್ರಮ್ಮಾದ ಬ್ಯಾರೆಲ್ಲನ್ನು ಮೇಲೆತ್ತಿದ ಮೇಲೆ ಒಂದೆರಡು ಸುತ್ತು ತಿರುಗಿಸಿ ಒಳಗೆ ನಿಂತದ್ದನ್ನು ಸುರಿಸುವುದು, ಎರಡು ತೊಟ್ಟಿಗಳ ನಡುವಿನ ಸಂದಿಗೆ ಓರೆಯಾಗಿ ಪಿವಿಸಿ ಹಾಳೆ ಕೂರಿಸಿ ಹನಿಯೆಲ್ಲ ಹಿಂದಕ್ಕೇ ಹರಿಯುವಂತೆ ಮಾಡುವುದು. ಖರ್ಚು ಆದದ್ದು ಹಾಳೆಗೆ ಮಾತ್ರ. ಈಗಲೂ ರಾತ್ರಿ ಪಾಳಿಯಲ್ಲಿ ಜಿಗ್ ಎತ್ತುವ ಹಾಯ್ಸ್ಟ್ ಬಳಿ ಹೋದರೆ ಒಬ್ಬರು ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುವುದು ಕೇಳಿಸುತ್ತದೆ.

ಅನಂತರ ತೊಳೆಯುವ ನೀರಿನ ಕಡೆ ತಿರುಗಿದೆವು. ನಮ್ಮಲ್ಲಿ ಒಂದೇ ತೊಟ್ಟಿಯಲ್ಲಿ ನಲ್ಲಿ ತೆರೆದಿಟ್ಟು ತೊಳೆಯುವ ಪದ್ಧತಿಯಿತ್ತು. ಅಂಟಿಕೊಂಡು ಬಂದ ಒಂದು ಲೀಟರ್ ದ್ರಾವಣವನ್ನು ಸಾವಿರದಲ್ಲಿ ಒಂದು ಪಾಲಿಗೆ ತೆಳುಮಾಡಬೇಕೆಂದರೆ ಒಂದೇ ತೊಟ್ಟಿಯಲ್ಲಿ ಸುಮಾರು 1000 ಲೀಟರ್ ನೀರು ಬೇಕು. ಎರಡು ತೊಟ್ಟಿ ಇಟ್ಟು, ಹೊಸ ನೀರನ್ನು ಕೊನೆಯ ತೊಟ್ಟಿಗೆ ಬಿಟ್ಟು, ಅದು ತುಂಬಿ ಮೊದಲ ತೊಟ್ಟಿಗೆ ಹರಿಯುವಂತೆ, ಅಂದರೆ ಸರಕು ಸಾಗುವ ದಿಕ್ಕಿಗೆ ಎದುರಾಗಿ ನೀರು ಸಾಗುವಂತೆ ಮಾಡಿದರೆ, ಅದೇ ಶುದ್ಧಿಗೆ ಲೆಕ್ಕದ ಪ್ರಕಾರ 32 ಲೀಟರ್ ಸಾಕು. ಮೂರು ತೊಟ್ಟಿಯಾದರೆ ಹತ್ತೇ ಲೀಟರ್. ಸಾವಿರದ ವರ್ಗಮೂಲ, ಘನಮೂಲಗಳ ಆಟವಿದು, ಹೈಸ್ಕೂಲಿನ ಗಣಿತ. ವಾಸ್ತವದಲ್ಲಿ ನೀರು ಅಷ್ಟು ಚೆನ್ನಾಗಿ ಬೆರೆಯುವುದಿಲ್ಲ, ಇಕ್ಕಟ್ಟಾದ ಜಾಗದಲ್ಲಿ ಎಲ್ಲ ಲೈನಿಗೂ ಎರಡನೇ ತೊಟ್ಟಿ ಹಿಡಿಸುವುದೂ ಇಲ್ಲ. ನಮಗೆ ಜಿಗ್ ಲೈನಿನಲ್ಲಿ ಮಾತ್ರ ಸಾಧ್ಯವಾಯಿತು. ಅಷ್ಟಕ್ಕೇ ದಿನಕ್ಕೆ ಎರಡು ಟ್ಯಾಂಕರ್ ಬರುತ್ತಿದ್ದದ್ದು ಒಂದಕ್ಕೆ ಇಳಿಯಿತು, ತಿಂಗಳಿಗೆ ತುಂಬುವ ಸ್ಲಡ್ಜ್ ಚೀಲಗಳಲ್ಲಿ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು.

ಇದರ ನಿಜವಾದ ಬೆಲೆ ತಿಳಿದದ್ದು 2024ರ ಮಾರ್ಚಿನಲ್ಲಿ. ಆ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ದರ ಮನಬಂದಂತೆ ಏರಿ, ಕೊನೆಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾದ ಸ್ಥಿತಿ ಬಂದದ್ದು ಎಲ್ಲರಿಗೂ ನೆನಪಿರಬಹುದು. ದುಡ್ಡು ಕೊಟ್ಟರೂ ಎರಡನೇ ಲೋಡು ಸಿಗದ ದಿನಗಳವು. ನೀರಿಲ್ಲದೆ ಪಾಳಿ ನಿಲ್ಲಿಸಿದವರು ನಮ್ಮ ಅಕ್ಕಪಕ್ಕದಲ್ಲೇ ಇದ್ದರು. ನಮಗೆ ಒಂದು ಲೋಡು ಸಾಕಾಗಿದ್ದರಿಂದ ಎರಡು ಪಾಳಿಯೂ ನಡೆಯಿತು. ವಿಚಿತ್ರವೆಂದರೆ, ಅದೇ ವರ್ಷದ ಫೆಬ್ರುವರಿಯಲ್ಲಿ ಐಎಸ್‌ಒ ತನ್ನ ನಿರ್ವಹಣಾ ಮಾನದಂಡಗಳಿಗೆಲ್ಲ ಒಂದು ತಿದ್ದುಪಡಿ ತಂದು, ಹವಾಮಾನ ಬದಲಾವಣೆ ತನಗೆ ಪ್ರಸ್ತುತವೇ ಎಂಬುದನ್ನು ಪ್ರತಿ ಸಂಸ್ಥೆಯೂ ಪರಿಶೀಲಿಸಬೇಕೆಂದು ಸೇರಿಸಿತ್ತು. ಆ ವರ್ಷದ ಆಡಿಟ್‌ನಲ್ಲಿ ಈ ಪ್ರಶ್ನೆ ಬಂದಾಗ ನಾವು ಉತ್ತರ ಹುಡುಕಬೇಕಾಗಲಿಲ್ಲ, ಟ್ಯಾಂಕರ್ ಬಿಲ್ಲುಗಳ ಕಟ್ಟನ್ನೇ ಮುಂದಿಟ್ಟೆವು.

ಎರಡನೆಯ ದೊಡ್ಡ ಬದಲಾವಣೆ ಕ್ರೋಮಿಯಂ. ವಾಹನಗಳ ತುಕ್ಕುನಿರೋಧಕ ಲೇಪನಗಳಲ್ಲಿ ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪವಾದ ಹೆಕ್ಸಾವೆಲೆಂಟ್ ಕ್ರೋಮಿಯಂ ಬಳಕೆಯನ್ನು ಯುರೋಪು 2007ರ ಜುಲೈನಿಂದಲೇ ನಿಲ್ಲಿಸಿದೆ. ಆದ್ದರಿಂದ ರಫ್ತಿನ ಸರಕಿಗೆ ನಾವು ಕಡಿಮೆ ವಿಷಕಾರಿ ರೂಪವಾದ ಟ್ರೈವೆಲೆಂಟ್ ಕ್ರೋಮಿಯಂನ ಪಾಸಿವೇಷನ್‌ಗೆ ಬಹಳ ಹಿಂದೆಯೇ ಬದಲಾಗಿದ್ದೆವು. ಆದರೂ ಒಂದು ಮೂಲೆಯಲ್ಲಿ ಹೆಕ್ಸಾವೆಲೆಂಟ್‌ನ ಹಳೆಯ ಹಳದಿ ತೊಟ್ಟಿಯನ್ನು ಉಳಿಸಿಕೊಂಡಿದ್ದೆವು, ಹಳದಿ ಬಣ್ಣವೇ ಬೇಕೆನ್ನುವ ಸ್ಥಳೀಯ ಗಿರಾಕಿಗಳು ಮೂರು ನಾಲ್ಕು ಮಂದಿ ಇದ್ದರೆಂದು. ಹೊಸ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ಅದೇ ತೊಟ್ಟಿ. ಅದರ ನೀರನ್ನು ಪ್ರತ್ಯೇಕವಾಗಿ ಹಿಡಿದು, ಆಮ್ಲ ಹಾಕಿ ಪಿಎಚ್ 2ರಿಂದ 3ರ ನಡುವೆ ತಂದು, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಹಳದಿಯಿಂದ ಹಸಿರಿಗೆ ತಿರುಗುವುದನ್ನು ಕಾದು, ಆಮೇಲೆ ಸುಣ್ಣ ಹಾಕಿ ಇಳಿಸಬೇಕು. ಹಸಿರು ಸರಿಯಾಗಿ ಬರುವ ಮೊದಲೇ ಯಾರಾದರೂ ಆತುರಪಟ್ಟು ಮುಂದಕ್ಕೆ ಬಿಟ್ಟರೆ ಆ ದಿನದ ಮಾದರಿ ಕೆಟ್ಟಿತೆಂದೇ ಅರ್ಥ. ಆ ಮೂರು ನಾಲ್ಕು ಗಿರಾಕಿಗಳಿಂದ ಬರುವ ಆದಾಯ ಈ ಸಂಸ್ಕರಣೆಯ ಖರ್ಚನ್ನೂ ಹೊರುತ್ತಿರಲಿಲ್ಲ. ತೊಟ್ಟಿಯನ್ನು ಮುಚ್ಚಿದೆವು. ಇಬ್ಬರು ಗಿರಾಕಿಗಳು ಟ್ರೈವೆಲೆಂಟ್‌ನ ನಸುಬಣ್ಣಕ್ಕೆ ಒಪ್ಪಿದರು, ಉಳಿದವರು ಬೇರೆಡೆ ಹೋದರು. ಟ್ರೈವೆಲೆಂಟ್ ದ್ರಾವಣ ದುಬಾರಿ ಎಂಬ ದೂರು ನಿಜ. ಇಟಿಪಿಯಲ್ಲಿ ಒಂದು ಇಡೀ ಹಂತ ಇಲ್ಲವಾದದ್ದನ್ನು ಆ ದೂರು ಹೇಳುವವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಿದ್ಯುತ್ತಿನಲ್ಲಿ ನಾವು ಗಳಿಸಿದ್ದು ಕಡಿಮೆ, ಆದರೆ ಒಂದು ಪ್ರಸಂಗ ಹೇಳಬೇಕು. ರಜೆಯ ಒಂದು ಭಾನುವಾರ ಸಂಜೆ ಎಲ್ಲ ಯಂತ್ರಗಳೂ ನಿಂತಿದ್ದಾಗ ಕಂಪ್ರೆಸರ್ ಮಾತ್ರ ಚಾಲೂ ಮಾಡಿಸಿ, ಸೋಪು ನೀರಿನ ಮಗ್ಗು ಹಿಡಿದು ಗಾಳಿಯ ಪೈಪಿನುದ್ದಕ್ಕೂ ನಡೆದೆವು. ಫಿಲ್ಟರ್ ಪ್ರೆಸ್ಸಿನ ಪಂಪಿಗೆ ಹೋಗುವ ಜಾಯಿಂಟಿನಲ್ಲಿ ಬುಸ್ ಎನ್ನುವ ಸದ್ದು. ಮೂರು ಮಿಲಿಮೀಟರ್ ಅಗಲದ ಒಂದು ತೂತಿನಿಂದ 7 ಬಾರ್ ಒತ್ತಡದಲ್ಲಿ ಸೋರುವ ಗಾಳಿಗೆ ಕಂಪ್ರೆಸರ್ ಸುಮಾರು 3 ಕಿಲೋವಾಟ್ ಉರಿಸುತ್ತದೆ. ಎರಡು ಪಾಳಿಗೆ ಹದಿನಾರು ಗಂಟೆ ಎಂದರೆ ದಿನಕ್ಕೆ 48 ಯೂನಿಟ್. ಸರಿಪಡಿಸಲು ಬೇಕಾದದ್ದು ಒಂದು ಕ್ಲಾಂಪು. ಕ್ಲಾಂಪಿಗೆ ಸತು ಹಾಕುವ ಕಾರ್ಖಾನೆಯಲ್ಲಿ ಒಂದು ಕ್ಲಾಂಪಿಲ್ಲದೆ ಎಷ್ಟು ವರ್ಷ ಗಾಳಿ ಸೋರಿತೋ!

ಕಾನೂನಿನ ವಿಷಯದಲ್ಲಿ ಸಿಕ್ಕ ಲಾಭವನ್ನು ರೂಪಾಯಿಯಲ್ಲಿ ಹೇಳಲಾರೆ, ನಿದ್ರೆಯಲ್ಲಿ ಹೇಳಬಹುದು. ಕಾರ್ಯಾಚರಣೆಯ ಸಮ್ಮತಿ, ನಮ್ಮ ಬಾಯಲ್ಲಿ ಸಿಎಫ್‌ಒ, ಮುಗಿಯುವ ದಿನಾಂಕ ಒಂದು ಕಡೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಜೂನ್ 30ರೊಳಗೆ ಸಲ್ಲಿಸಬೇಕಾದ ನಮೂನೆ 4, ಅಂದರೆ ತ್ಯಾಜ್ಯದ ವಾರ್ಷಿಕ ವರದಿ, ಇನ್ನೊಂದು ಕಡೆ. ಸೆಪ್ಟೆಂಬರ್ 30ರೊಳಗೆ ಪರಿಸರ ವಿವರಣಾ ಪಟ್ಟಿ. ಸ್ಲಡ್ಜ್ ಸಾಗಿಸಿದಾಗಲೆಲ್ಲ ಮ್ಯಾನಿಫೆಸ್ಟ್ ಎಂಬ ಸಾಗಣೆ ಪತ್ರ. 90 ದಿನಕ್ಕಿಂತ ಹೆಚ್ಚು ಸಂಗ್ರಹಿಸಿಡಬಾರದೆಂಬ ಮಿತಿ. ಇವೆಲ್ಲ ಮೊದಲು ನನ್ನ ತಲೆಯಲ್ಲಿದ್ದವು, ಅಂದರೆ ಅರ್ಧ ಮರೆತಿದ್ದವು. ಒಮ್ಮೆ ನಮೂನೆ 4ನ್ನು ಎರಡು ತಿಂಗಳು ತಡಮಾಡಿ, ಬಂದ ನೋಟಿಸಿಗೆ ಉತ್ತರ ಬರೆಯುತ್ತ ಒಂದು ವಾರ ಕಳೆದದ್ದು ನನ್ನದೇ ತಪ್ಪು. ಅನ್ವಯವಾಗುವ ಕಾನೂನುಗಳ ಪಟ್ಟಿಯನ್ನು ಇಟ್ಟುಕೊಂಡು ಕಾಲಕಾಲಕ್ಕೆ ಪರಿಶೀಲಿಸಬೇಕೆಂದು ಮಾನದಂಡ ಹೇಳುವುದರಿಂದ, ಈಗ ಅವೆಲ್ಲ ಇಟಿಪಿ ಕೋಣೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿವೆ, ಕೆಂಪು ಶಾಯಿಯಲ್ಲಿ. ಪ್ರಮಾಣಪತ್ರ ಇದೆಯೆಂದು ಮಂಡಳಿಯವರ ತಪಾಸಣೆ ತಪ್ಪುವುದಿಲ್ಲ, ತಪ್ಪಬೇಕಾಗಿಯೂ ಇಲ್ಲ. ಆದರೆ ಅವರು ಕೇಳಿದ ಕಾಗದ ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ.

ಮಾರುಕಟ್ಟೆಯ ಲಾಭದ ಬಗ್ಗೆ ಮಾರುವವರು ಹೇಳುವ ಮಾತನ್ನು ಅರ್ಧ ಕಡಿತ ಮಾಡಿ ಕೇಳಬೇಕು. ಪ್ರಮಾಣಪತ್ರ ನೋಡಿ ಹೊಸದಾಗಿ ನಮ್ಮನ್ನು ಹುಡುಕಿಕೊಂಡು ಬಂದ ಗಿರಾಕಿ ಮೂರು ವರ್ಷದಲ್ಲಿ ಒಬ್ಬರೇ. ಇದ್ದ ಗಿರಾಕಿ ಕೈಬಿಡಲಿಲ್ಲ ಎಂಬುದೇ ದೊಡ್ಡ ಲಾಭ, ಮತ್ತು ಆ ಲಾಭ ಮುಂದೆ ಹೆಚ್ಚುವ ಲಕ್ಷಣವಿದೆ. 2022-23ನೇ ಸಾಲಿನಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಲಿಸ್ಟೆಡ್ ಕಂಪನಿಗಳು ಬಿಆರ್‌ಎಸ್‌ಆರ್ ಎಂಬ, ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡುವುದನ್ನು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಅಂಥ ಕಂಪನಿಗಳಿಗೆ ಸರಕು ಕೊಡುವವರ ಮೇಜಿಗೆ ನೀರು, ವಿದ್ಯುತ್, ತ್ಯಾಜ್ಯದ ಅಂಕಿಗಳನ್ನು ಕೇಳುವ ಉದ್ದನೆಯ ಪ್ರಶ್ನಾವಳಿಗಳು ಬರತೊಡಗಿವೆ. ನಮಗೆ ಬಂದ ಪ್ರಶ್ನಾವಳಿಯನ್ನು ಲೆಕ್ಕದ ಹೆಣ್ಣುಮಗಳು ಒಂದು ಮಧ್ಯಾಹ್ನದಲ್ಲಿ ತುಂಬಿ ಕಳಿಸಿದರು, ಏಕೆಂದರೆ ತಿಂಗಳ ಅಂಕಿಗಳು ಆಗಲೇ ಬರೆದಿಟ್ಟವಾಗಿದ್ದವು.

ಪ್ರಮಾಣೀಕರಣ ಸಂಸ್ಥೆಯ ಸೇವೆಗೆ ನಾಲ್ಕು ಅಂಕ ಕೊಡುತ್ತೇನೆ. ಐಎಸ್‌ಒ ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಕೊಡುವವು ಬೇರೆ ಸಂಸ್ಥೆಗಳು, ಅವುಗಳಿಗೆ ಮಾನ್ಯತೆ ಕೊಡುವುದು ನಮ್ಮ ದೇಶದಲ್ಲಿ ಭಾರತೀಯ ಗುಣಮಟ್ಟ ಮಂಡಳಿಯ ಅಂಗವಾದ ಎನ್‌ಎಬಿಸಿಬಿ. ಆಡಿಟ್ಟೇ ಇಲ್ಲದೆ ಒಂದು ವಾರದಲ್ಲಿ ಸರ್ಟಿಫಿಕೇಟ್ ಮನೆಗೆ ತಲುಪಿಸುತ್ತೇವೆಂದು ನನಗೂ ಫೋನ್ ಬಂದಿತ್ತು, ದರ ನಾವು ಕೊಟ್ಟದ್ದರ ಕಾಲು ಭಾಗ. ಅಂಥ ಕಾಗದದ ಮೇಲೆ ಮಾನ್ಯತೆಯ ಮುದ್ರೆ ಇರುವುದಿಲ್ಲ, ಇದ್ದರೂ ಪರಿಶೀಲಿಸಿದಾಗ ನಿಲ್ಲುವುದಿಲ್ಲ. ಗಿರಾಕಿ ಕಂಪನಿಯ ಗುಣಮಟ್ಟ ವಿಭಾಗದವರು ಮೊದಲು ನೋಡುವುದೇ ಆ ಮುದ್ರೆಯನ್ನು. ನಮ್ಮ ಆಡಿಟರ್ ಎರಡನೇ ಹಂತದಲ್ಲಿ ಫೈಲು ಬಿಟ್ಟು ನೇರ ಆಮ್ಲದ ತೊಟ್ಟಿಯ ಬಳಿ ಹೋಗಿ, ಅಲ್ಲಿದ್ದ ಕೆಲಸಗಾರನನ್ನು, ಕ್ಯಾನು ಒಡೆದು ಆಮ್ಲ ಚೆಲ್ಲಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಅವನು ಬಾಯಲ್ಲಿ ಹೇಳದೆ ಮರಳಿನ ಬಕೆಟ್ ಮತ್ತು ಸೋಡಾ ಬೂದಿಯ ಡಬ್ಬವನ್ನು ಎತ್ತಿ ತಂದು ಮುಂದಿಟ್ಟ. ನನ್ನ ಅಸಮಾಧಾನ ಒಂದೇ: ವಾರ್ಷಿಕ ಕಣ್ಗಾವಲು ಆಡಿಟ್‌ಗೆ ಪ್ರತಿ ವರ್ಷ ಬೇರೆ ಬೇರೆಯವರು ಬರುತ್ತಾರೆ, ಅವರಲ್ಲಿ ಒಬ್ಬರಿಗೆ ಪ್ಲೇಟಿಂಗ್ ಎಂದರೆ ಏನೆಂದು ವಿವರಿಸುವುದರಲ್ಲೇ ಅರ್ಧ ದಿನ ಹೋಯಿತು, ಆ ಅರ್ಧ ದಿನದ ಶುಲ್ಕವನ್ನೂ ನಾವೇ ಕೊಟ್ಟೆವು.

ಖರ್ಚಿನ ಮಾತು. ಸಲಹೆಗಾರರು, ಪ್ರಮಾಣೀಕರಣ, ನೀರಿನ ಮೀಟರುಗಳು, ಎರಡನೇ ತೊಟ್ಟಿ ಎಲ್ಲ ಸೇರಿ ಮೊದಲ ವರ್ಷ ಆದದ್ದು ಲೇಪನದ ತೊಟ್ಟಿಗೆ ವಿದ್ಯುತ್ ಕೊಡುವ ಒಂದು ಹಳೆಯ ರೆಕ್ಟಿಫೈಯರ್ ಬದಲಿಸಲು ತಗಲುವಷ್ಟು. ನೀರು, ರಾಸಾಯನಿಕ, ಸ್ಲಡ್ಜ್ ಈ ಮೂರರ ಉಳಿತಾಯದಲ್ಲಿ ಅದು ಒಂದೂವರೆ ವರ್ಷದೊಳಗೆ ಮರಳಿತು. ಆದರೆ ಇದನ್ನು ಎಲ್ಲರಿಗೂ ಶಿಫಾರಸು ಮಾಡಲಾರೆ. ನೀರು, ರಾಸಾಯನಿಕ, ಇಂಧನ ಹೆಚ್ಚು ಬಳಸುವ ಘಟಕಗಳಿಗೆ, ಅಂದರೆ ಪ್ಲೇಟಿಂಗ್, ಡೈಯಿಂಗ್, ಫೌಂಡ್ರಿ, ಪೇಂಟ್ ಶಾಪಿನವರಿಗೆ ಗಿರಾಕಿ ಕೇಳದಿದ್ದರೂ ಲಾಭವಿದೆ. ನಾಲ್ಕು ಸಿಎನ್‌ಸಿ ಇಟ್ಟುಕೊಂಡು ಕೂಲೆಂಟ್ ಬಿಟ್ಟರೆ ಬೇರೇನೂ ಚೆಲ್ಲದ ಮಷಿನ್ ಶಾಪಿನವರು ಗಿರಾಕಿಯ ಒತ್ತಾಯವಿಲ್ಲದೆ ಇದಕ್ಕೆ ಹಣ ಹಾಕುವುದು ಬೇಡ. ಅವರಿಗೆ ಸಣ್ಣ ಉದ್ಯಮಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಝೆಡ್ (ಝೀರೋ ಡಿಫೆಕ್ಟ್ ಝೀರೋ ಎಫೆಕ್ಟ್) ಪ್ರಮಾಣೀಕರಣ ಯೋಜನೆ ಹೆಚ್ಚು ಹೊಂದೀತು, ಅದರ ಪ್ರಮಾಣೀಕರಣ ಶುಲ್ಕದಲ್ಲಿ ಸೂಕ್ಷ್ಮ ಉದ್ಯಮಗಳಿಗೆ ಶೇ. 80, ಸಣ್ಣವುಗಳಿಗೆ ಶೇ. 60, ಮಧ್ಯಮ ಗಾತ್ರದವುಗಳಿಗೆ ಶೇ. 50ರಷ್ಟು ಸಹಾಯಧನ ಇದೆ.

ಎರಡನೇ ಸುತ್ತಿಗೆ ನಾವು ಸಲಹೆಗಾರರನ್ನು ಕರೆದಿಲ್ಲ. ಅದೇ ಪ್ರಮಾಣಪತ್ರವಿರುವ ಹಿಂದಿನ ರಸ್ತೆಯ ಪೌಡರ್ ಕೋಟಿಂಗ್ ಘಟಕದವರೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ: ಆಂತರಿಕ ಆಡಿಟ್ ತರಬೇತಿ ಪಡೆದ ಅವರ ಮ್ಯಾನೇಜರ್ ನಮ್ಮಲ್ಲಿಗೆ ಬಂದು ನೋಡುತ್ತಾರೆ, ನಮ್ಮ ಲೆಕ್ಕದ ಹೆಣ್ಣುಮಗಳು ಅವರಲ್ಲಿಗೆ ಹೋಗುತ್ತಾರೆ. ಕಳೆದ ಬಾರಿ ಅವರು ನಮ್ಮಲ್ಲಿ ಹಿಡಿದ ಕೊರತೆ ಇನ್ನೂ ಬಾಕಿ ಇದೆ. ಬ್ಯಾರೆಲ್ ಲೈನಿಗೆ ಎರಡನೇ ತೊಳೆ ತೊಟ್ಟಿ ಕೂರಿಸಬೇಕೆಂದರೆ ಮೊದಲು ಮೂಲೆಯಲ್ಲಿರುವ, ಮುಚ್ಚಿದ ಆ ಹಳದಿ ತೊಟ್ಟಿಯನ್ನು ಕಿತ್ತು ಅಪಾಯಕಾರಿ ತ್ಯಾಜ್ಯವಾಗಿಯೇ ಸಾಗಿಸಬೇಕು. ಅದಕ್ಕೆ ಕೊಟೇಷನ್ ಕೇಳಿದ್ದೇವೆ.